ಹಳೇ ಮರ್‌ಕ್ರೂಸರ್ ಬೋಟ್ ಪ್ರೊಪೆಲರ್ ಕಬಿನಿ ಹಿನ್ನೀರಲ್ಲಿ ಮರದ ಬುಡಕ್ಕೆ ಹೊಡೀತು, ರಿಪೇರಿ ಮಾಡಿಸ್ಲಾ ಬೇರೆ ತಗೊಳ್ಲಾ?

ಹಿನ್ನೀರು_98

ಎಲ್ರಿಗೂ ನಮಸ್ಕಾರ. ನಾನು ಎಚ್.ಡಿ. ಕೋಟೆ ಕಡೆ ಹಿನ್ನೀರು ಪಕ್ಕ ಒಂದು ಸಣ್ಣ ರೆಸಾರ್ಟಲ್ಲಿ ಬೋಟು, ಜನರೇಟರು, ನೀರಿನ ಪಂಪು ಎಲ್ಲಾ ನೋಡ್ಕೊಳ್ಳೋನು. ನಮ್ ಓನರ್ರು ಹೋದ್ ವರ್ಷ ಗೋವಾ ಕಡೆಯಿಂದ ಒಂದು ಸೆಕೆಂಡ್ ಹ್ಯಾಂಡ್ ಬೋಟ್ ತರ್ಸಿದ್ರು, 1998ನೇ ಮಾಡೆಲ್, 18 ಅಡಿ, ಮರ್‌ಕ್ರೂಸರ್ 3 ಲೀಟರ್ ನಾಕು ಸಿಲಿಂಡರ್ ಪೆಟ್ರೋಲ್ ಇಂಜಿನ್, ಹಿಂದ್ಗಡೆ ಆಲ್ಫಾ ಒನ್ ಜೆನ್ ಟೂ ಸ್ಟರ್ನ್‌ಡ್ರೈವ್. ಗೊತ್ತಿಲ್ದೋರಿಗೆ ಹೇಳ್ತೀನಿ, ಸ್ಟರ್ನ್‌ಡ್ರೈವ್ ಅಂದ್ರೆ ಇಂಜಿನ್ ಬೋಟ್ ಒಳ್ಗೇ ಇರುತ್ತೆ, ಕಾಲು (ಗೇರೂ ಪ್ರೊಪೆಲರ್ರೂ ಇರೋ ಭಾಗ, ಇದನ್ನೇ ಡ್ರೈವ್ ಅನ್ನೋದು) ಮಾತ್ರ ಹಿಂದೆ ನೀರಿಗೆ ಇಳ್ಬಿಟ್ಟಿರುತ್ತೆ.

ವಿಷ್ಯ ಏನಪ್ಪಾ ಅಂದ್ರೆ ಹೋದ್ ಭಾನುವಾರ ನೀರು ಕಮ್ಮಿ ಇರೋ ಕಡೆ ಸ್ವಲ್ಪ ಸ್ಪೀಡಾಗೇ ಬರ್ತಿದ್ದೆ, ಢಬ್ ಅಂತ ಸೌಂಡು. ಕಬಿನಿ ಹಿನ್ನೀರಲ್ಲಿ ಒಣಗಿ ನಿಂತಿರೋ ಮರಗಳು ಗೊತ್ತಲ್ಲ, ಗೆಸ್ಟುಗಳು ಫೋಟೋ ಹೊಡ್ಕೊಳ್ತಾರೆ, ಮೇಲೆ ಕಾಣೋವು ಪರ್ವಾಗಿಲ್ಲ, ಮುರ್ದು ಬಿದ್ದು ಬುಡ ಮಾತ್ರ ನೀರೊಳಗೆ ಒಂದಡಿ ಕೆಳಗೆ ಇರ್ತವಲ್ಲ ಅವೇ ಯಮ. ಅಂಥದ್ದಕ್ಕೇ ಹೊಡೀತು. ಮೂರು ಬ್ಲೇಡಲ್ಲಿ ಒಂದು ಮಡ್ಚ್ಕೊಂಡಿದೆ, ಇನ್ನೊಂದ್ರ ತುದಿ ಹೆಬ್ಬೆರಳಗಲ ಹಾರೋಗಿದೆ, ಮೂರ್ನೇದು ಚೆನ್ನಾಗೇ ಇದೆ. ಅಲ್ಯುಮಿನಿಯಂದು, ಮೇಲೆ 21 ಅಂತ ಬರ್ದಿದೆ.

ಈಗ ಮೆಲ್ಲಗೆ ಹೋದ್ರೆ ಹೋಗುತ್ತೆ ಆದ್ರೆ ಸೀಟೆಲ್ಲಾ ನಡುಗುತ್ತೆ. 2500 ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ಸುತ್ತು) ದಾಟ್ಸಿದ್ರೆ ಇಂಜಿನ್ ಒಂದೇ ಸಲ ವೋಂ ಅಂತ ಕಿರ್ಚ್ಕೊಳುತ್ತೆ, ಬೋಟ್ ಮಾತ್ರ ಮುಂದಕ್ಕೆ ಹೋಗಲ್ಲ. ಓನರ್ರು ಮೈಸೂರಲ್ಲಿ ವೆಲ್ಡಿಂಗ್ ಮಾಡ್ಸ್ಕೊಂಡ್ ಬಾ ಅಂತಿದ್ದಾರೆ. ಮಾಡಿಸ್ಲಾ? ಯಾರಿಗಾದ್ರೂ ಅನುಭವ ಇದ್ರೆ ಹೇಳಿ.

ಮಂಡ್ಯ_ಲೇತ್

ಅಣ್ಣೋ ಫೋಟೋ ಹಾಕಣ್ಣ. ಬ್ಲೇಡ್ ಬುಡದಲ್ಲಿ ಕೂದ್ಲೆಳೆ ಥರ ಬಿರುಕು ಐತಾ ನೋಡು ಮೊದ್ಲು. ತುದಿ ಹೋಗಿದ್ರೆ ಕಟ್ಬೋದು, ಬುಡ ಬಿರುಕು ಬಿಟ್ಟಿದ್ರೆ ಗುಜ್ರಿಗೆ ಹಾಕು, ಅದ್ಕೆ ದುಡ್ಡು ಸುರೀಬ್ಯಾಡ. ನಮ್ದು ಲೇತ್ ಸಾಪು, ಪಂಪಿನ ಇಂಪೆಲರು, ಕಬ್ಬಿನ ಗಾಣದ ರೋಲರ್ ಶಾಫ್ಟು ಇಂಥವೇ ಜಾಸ್ತಿ, ಬೋಟಿಂದು ಎರಡೋ ಮೂರೋ ಮಾಡಿದೀನಿ ಅಷ್ಟೆಯಾ.

ಸುಮ್ನೆ_ಓದೋನು

ಆ ಮರಗಳು 1974ರಿಂದ ನೀರಲ್ಲೇ ನಿಂತಿವೆ ಗುರು, ಡ್ಯಾಮ್ ಕಟ್ದಾಗ ಮುಳುಗಿದ್ದು. ನಿನ್ ಬೋಟೇ ಅವಕ್ಕಿಂತ ಚಿಕ್ಕದು, ದಾರಿ ಬಿಟ್ಟು ಹೋಗ್ಬೇಕಾಗಿದ್ದು ನೀನೇ 😀

ದೋಣಿ_ಅಕ್ಕ

ನಾನು ಮದ್ವೆಗೆ ಮುಂಚೆ ಆರು ವರ್ಷ ಕೊಚ್ಚಿಯಲ್ಲಿ ಬೋಟ್ ವರ್ಕ್‌ಶಾಪಲ್ಲಿ ಕೆಲಸ ಮಾಡಿದೀನಿ, ಈಗ ಮೈಸೂರು. ನೀವು ಹೇಳಿದ್ರಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇದೆ, ಒಂದೇ ಅಂದ್ಕೊಂಡು ವೆಲ್ಡಿಂಗ್‌ಗೆ ಓಡ್ಬೇಡಿ. ನಡುಕ ಬರ್ತಿರೋದು ಬ್ಲೇಡಿಂದ. ಆದ್ರೆ ಇಂಜಿನ್ ಕಿರ್ಚ್ಕೊಂಡು ಬೋಟ್ ಹೋಗ್ದೇ ಇರೋದು ಬಹುಶಃ ಹಬ್ಬಿಂದು. ಹಬ್ ಅಂದ್ರೆ ಪ್ರೊಪೆಲರ್ ಮಧ್ಯದಲ್ಲಿ ಶಾಫ್ಟಿಗೆ ಕೂರೋ ಒಳಗಿನ ತುಂಡು, ಅದ್ರ ಸುತ್ತ ರಬ್ಬರ್, ಅದ್ರ ಹೊರ್ಗೆ ಪ್ರೊಪೆಲರ್ ಬಾಡಿ. ಏನಾದ್ರೂ ಗಟ್ಟಿಯಾಗಿ ತಾಗಿದ್ರೆ ಗೇರ್ ಮುರೀದೇ ಇರ್ಲಿ ಅಂತ ಆ ರಬ್ಬರ್ ಜಾರುತ್ತೆ. ಒಂದ್ಸಲ ಜಾರಿದ್ಮೇಲೆ ಹಿಡಿತ ಹೋಯ್ತು, ಕಮ್ಮಿ ಜೋರಲ್ಲಿ ಹಿಡ್ಕೊಳುತ್ತೆ, ಜಾಸ್ತಿ ಕೊಟ್ರೆ ಒಳಗೇ ಸುತ್ತುತ್ತೆ. ಬ್ಲೇಡನ್ನ ಹೊಸದರ ಥರ ಮಾಡಿಸಿ ತಂದ್ರೂ ಬೋಟ್ ಹೋಗಲ್ಲ.

ಖಾತ್ರಿ ಮಾಡ್ಕೊಳ್ಳೋದು ಸುಲಭ. ಹಿಂದ್ಗಡೆ ನಟ್ ಹತ್ರ, ಒಳಗಿನ ಹಬ್ಬಿನ ಮೇಲೂ ಹೊರಗಿನ ಬಾಡಿ ಮೇಲೂ ಸೇರ್ಸಿ ಒಂದು ನೇರ ಗೆರೆ ಪೇಂಟಲ್ಲಿ ಎಳೀರಿ. ನೀರಿಗೆ ಬಿಟ್ಟು ಅದೇ ಥರ ಜೋರು ಮಾಡಿ, ಮತ್ತೆ ನೋಡಿ. ಗೆರೆ ತುಂಡಾಗಿ ಅತ್ಲಾಗಿ ಇತ್ಲಾಗಿ ಹೋಗಿದ್ರೆ ಹಬ್ ಜಾರಿದೆ.

ಗೆರೆ ಹಾಗೇ ಇದ್ರೆ ಬ್ಲೇಡ್ ಗಾಳಿ ಎಳ್ಕೊಳ್ತಿದೆ ಅಂತ. ಅದನ್ನ ಎಲ್ರೂ ಕ್ಯಾವಿಟೇಶನ್ ಅಂತಾರೆ, ತಪ್ಪು. ಮೇಲಿಂದ ಗಾಳಿ, ಇಲ್ಲಾ ಎಕ್ಸಾಸ್ಟ್ ಹೊಗೆ ಬ್ಲೇಡಿಗೆ ಸಿಗೋದು ವೆಂಟಿಲೇಶನ್. ಬ್ಲೇಡ್ ಹಿಂಬದೀಲಿ ಒತ್ತಡ ತೀರ ಕಮ್ಮಿ ಆಗಿ ನೀರು ಅಲ್ಲೇ ತಣ್ಣಗೇ ಕುದ್ದು ಗುಳ್ಳೆ ಒಡೆದು ಲೋಹ ಕಿತ್ಕೊಂಡು ಹೋಗೋದು ಕ್ಯಾವಿಟೇಶನ್. ಮಡಚಿರೋ ಬ್ಲೇಡಲ್ಲಿ ಎರಡೂ ಆಗ್ಬೋದು.

ಇನ್ನೊಂದು ಮುಖ್ಯ, ಕೈ ಹಾಕೋ ಮುಂಚೆ ಕೀ ತೆಗ್ದು ಜೇಬಲ್ಲಿ ಇಟ್ಕೊಳ್ಳಿ, ಇಂಜಿನ್ ನಿಲ್ಸೋ ಕಿಲ್ ಸ್ವಿಚ್ ಹಗ್ಗ ಕಿತ್ತಿಡಿ, ಬ್ಯಾಟರಿ ವೈರ್ ಬಿಚ್ಚಿ. ಕೊಚ್ಚಿಯಲ್ಲಿ ಒಬ್ರ ಬೆರಳು ಹೋಗಿದ್ದು ನಾನೇ ನೋಡಿದೀನಿ.

ಮಲ್ಪೆ_ಅಲೆ

ಮಾರಾಯ್ರೆ, ಅಲ್ಯುಮಿನಿಯಂ ಬಿಟ್ಟು ಸ್ಟೇನ್‌ಲೆಸ್ ಹಾಕಿ, ಒಂದೇ ಸಲಕ್ಕೆ ತಲೆನೋವು ಮುಗೀತದೆ. ನಮ್ಮಲ್ಲಿ ಮರಳು ದಿಬ್ಬಕ್ಕೆ ತಾಗಿದರೂ ಸ್ಟೇನ್‌ಲೆಸ್‌ಗೆ ಎಂತ ಆಗುದಿಲ್ಲ. ಅಲ್ಯುಮಿನಿಯಂ ಒಂದು ಸೀಸನ್‌ನಲ್ಲಿ ತುದಿ ಸವೆದು ರೊಟ್ಟಿ ತಿಂದ ಹಾಗೆ ಆಗ್ತದೆ.

ಮಂಡ್ಯ_ಲೇತ್

ಮರಳು ಬೇರೆ ಮರದ ಬುಡ ಬೇರೆ ಕಣಣ್ಣ. ಮರಳು ಉಜ್ತದೆ, ಬುಡ ಗುದ್ತದೆ. ಸ್ಟೇನ್‌ಲೆಸ್ ಬಗ್ಗಲ್ಲ ಸರಿ, ಬಗ್ಗದೇ ಇದ್ರೆ ಆ ಹೊಡ್ತ ಎಲ್ಲಿಗೋಯ್ತದೆ? ಸೀದಾ ಶಾಫ್ಟಿಗೆ, ಗೇರಿಗೆ. ಅಲ್ಯುಮಿನಿಯಂ ಬ್ಲೇಡು ಅಂದ್ರೆ ಮನೆ ಫ್ಯೂಸು ಇದ್ದಂಗೆ. ಅದು ಸುಟ್ರೆ ವೈರ್ ಹಾಕ್ಬೋದು, ಫ್ಯೂಸ್ ಜಾಗಕ್ಕೆ ಕಬ್ಬಿಣದ ಮೊಳೆ ಹೊಡುದ್ರೆ ಮನೆ ಸುಡ್ತದೆ.

ದೋಣಿ_ಅಕ್ಕ

ಮಂಡ್ಯದವ್ರು ಹೇಳಿದ್ದೇ ಸರಿ, ಈ ಜಾಗಕ್ಕೆ. ಹಬ್ಬಿನ ರಬ್ಬರ್ ಸ್ಟೇನ್‌ಲೆಸ್ ಪ್ರೊಪೆಲರಲ್ಲೂ ಇರುತ್ತೆ, ಆದ್ರೂ ಭಾರ ಜಾಸ್ತಿ, ಹೊಡೆತ ಜಾಸ್ತಿ. ಸಮುದ್ರದಲ್ಲಿ ಆಳ ಇರೋ ಕಡೆ ಓಡ್ಸೋರಿಗೆ ಸ್ಟೇನ್‌ಲೆಸ್ ನಿಜಕ್ಕೂ ಚೆನ್ನ, ಬ್ಲೇಡ್ ತೆಳ್ಳಗಿರುತ್ತೆ, ಜೋರಲ್ಲಿ ಬಾಗಲ್ಲ. ಈ ಹುಡ್ಗನ ಬೋಟಿಗೆ ಬೇಡ.

ಫಿಸಿಕ್ಸ್_ಮೇಷ್ಟ್ರು

ನಾನು ಬೋಟ್ ಓಡಿಸಿದವನಲ್ಲ, ಕುವೆಂಪುನಗರದಲ್ಲಿ ಕೂತು ಓದ್ತಾ ಇರೋ ರಿಟೈರ್ಡ್ ಮೇಷ್ಟ್ರು. ಒಂದು ಪ್ರಶ್ನೆ. ಮರಕ್ಕೆ ಹೊಡೆಯೋಕೆ ಮುಂಚೆ, ಎಲ್ಲಾ ಚೆನ್ನಾಗಿದ್ದಾಗ, ಫುಲ್ ಥ್ರಾಟಲ್ ಕೊಟ್ರೆ ಆರ್‌ಪಿಎಂ ಎಷ್ಟು ತೋರಿಸ್ತಿತ್ತು? ಎಷ್ಟು ಜನ ಇದ್ರು? ಸ್ಪೀಡ್ ಎಷ್ಟು? ಹಳೇ ಪ್ರೊಪೆಲರ್ ರಿಪೇರಿ ಮಾಡಬೇಕಾ ಅನ್ನೋದಕ್ಕಿಂತ ಮುಂಚೆ, ಆ ಪ್ರೊಪೆಲರ್ ಈ ಬೋಟಿಗೆ ಸರಿ ಇತ್ತಾ ಅಂತ ಯಾರೂ ಕೇಳಲಿಲ್ವಲ್ಲ ಅಂತ ಕುತೂಹಲ.

ಹಿನ್ನೀರು_98

ಸಾರ್ ಒಳ್ಳೇ ಪ್ರಶ್ನೆ. ನಾಕು ಜನ ಕೂತು ಫುಲ್ ಕೊಟ್ರೆ 3900, ಅಷ್ಟೇ, ಮೇಲಕ್ಕೆ ಹೋಗ್ತಾನೇ ಇರ್ಲಿಲ್ಲ. ಮೊಬೈಲ್ ಜಿಪಿಎಸ್‌ನಲ್ಲಿ 55 ಕಿಲೋಮೀಟರ್. ಮೂತಿ ಮೇಲಕ್ಕೆತ್ಕೊಂಡು ಆಮೇಲೆ ನೀರ ಮೇಲೆ ಸಮ ಆಗೋದಕ್ಕೆ ಹತ್ತು ಹನ್ನೊಂದು ಸೆಕೆಂಡ್ ತಗೋತಿತ್ತು. ಮಾರಿದೋರು ಗೋವಾದಲ್ಲಿ 4500 ಹೊಡೀತಿತ್ತು ಅಂದಿದ್ರು, ಸುಳ್ಳು ಹೇಳಿದ್ರು ಅಂತ ನಮ್ ಓನರ್ ಇವತ್ತಿಗೂ ಬೈತಾರೆ. ಡ್ರೈವ್ ಮೇಲಿನ ಸ್ಟಿಕರಲ್ಲಿ ಗೇರ್ ರೇಶಿಯೊ 1.94 ಅಂತಿದೆ, ಅಂದ್ರೆ ಇಂಜಿನ್ 1.94 ಸುತ್ತು ತಿರುಗಿದ್ರೆ ಪ್ರೊಪೆಲರ್ ಒಂದು ಸುತ್ತು. ಮ್ಯಾನ್ಯುಯಲ್ಲಲ್ಲಿ ಫುಲ್ ಥ್ರಾಟಲ್ 4400ರಿಂದ 4800 ಇರ್ಬೇಕು ಅಂತಿದೆ.

ಅಂದಂಗೆ ಗೆರೆ ಎಳ್ದು ನೋಡ್ದೆ ಅಕ್ಕ. ಎರಡು ಬೆರಳಗಲ ಜಾರಿದೆ. ಹಬ್ ಹೋಗಿದೆ.

ಫಿಸಿಕ್ಸ್_ಮೇಷ್ಟ್ರು

ಪಿಚ್ 21 ಅಂದ್ರೆ, ನೀರು ಗಟ್ಟಿ ಮೈಸೂರ್ ಪಾಕ್ ಥರ ಇದ್ದಿದ್ರೆ ಪ್ರೊಪೆಲರ್ ಒಂದು ಸುತ್ತಿಗೆ 21 ಇಂಚು ಮುಂದೆ ಕೊರ್ಕೊಂಡು ಹೋಗ್ತಿತ್ತು ಅಂತ. ನೀರು ಗಟ್ಟಿ ಅಲ್ಲ, ಸ್ವಲ್ಪ ಜಾರುತ್ತೆ, ಅದಕ್ಕೆ ಸ್ಲಿಪ್ ಅಂತಾರೆ. ಹಬ್ ಜಾರೋದು ಬೇರೆ, ಇದು ಬೇರೆ, ಇದು ಎಲ್ಲಾ ಪ್ರೊಪೆಲರಿಗೂ ಇರಲೇಬೇಕು.

ಲೆಕ್ಕ ಹೀಗೆ: ಆರ್‌ಪಿಎಂ ಗುಣಿಸು ಪಿಚ್ ಗುಣಿಸು 0.001524 (ನಿಮಿಷಕ್ಕೆ ಇಂಚನ್ನ ಗಂಟೆಗೆ ಕಿಲೋಮೀಟರ್ ಮಾಡೋ ಸಂಖ್ಯೆ), ಭಾಗಿಸು ಗೇರ್ ರೇಶಿಯೊ, ಗಂಟೆಗೆ ಕಿಲೋಮೀಟರ್ ಬರುತ್ತೆ. 3900 × 21 = 81900. ಅದನ್ನ 0.001524ರಿಂದ ಗುಣಿಸಿದ್ರೆ 124.8. ಅದನ್ನ 1.94ರಿಂದ ಭಾಗಿಸಿದ್ರೆ 64.3. ನಿಮಗೆ ಬಂದಿದ್ದು 55. ಅಂದ್ರೆ ಸ್ಲಿಪ್ 14 ಪರ್ಸೆಂಟ್ ಚಿಲ್ಲರೆ. ಇಂಥ ಬೋಟಿಗೆ ಇದು ಸಾಮಾನ್ಯ ಅಂತ ಕಾಣುತ್ತೆ, ಅಂದ್ರೆ ಪ್ರೊಪೆಲರ್ ನೀರನ್ನ ಚೆನ್ನಾಗೇ ಹಿಡಿದಿದೆ. ಇಂಜಿನ್ನಿಗೆ ಅದನ್ನ ತಿರುಗಿಸೋ ತಾಕತ್ತು ಸಾಲದೇ 3900ಕ್ಕೆ ನಿಂತುಬಿಟ್ಟಿದೆ.

ಮಂಡ್ಯ_ಲೇತ್

124.8 ಬಂತಾ!! ಮೇಷ್ಟ್ರೇ ಕನ್ನಂಬಾಡಿ ಕಟ್ಟೆ ಭರ್ತಿ ಆಯ್ತು ಬಾಗಿನ ಬುಡಿ 😂😂

ಫಿಸಿಕ್ಸ್_ಮೇಷ್ಟ್ರು

ಹ್ಹ ಹ್ಹ, ನಾನು ನೋಡಿರಲಿಲ್ಲ. ಆದ್ರೆ ನೀವು ಅಣೆಕಟ್ಟು ನೆನಪಿಸಿದ್ದು ಒಳ್ಳೇದಾಯ್ತು, ಉತ್ತರ ಅಲ್ಲೇ ಇದೆ. ಪೇಪರಲ್ಲಿ ದಿನಾ ಜಲಾಶಯಗಳ ಮಟ್ಟ ಬರುತ್ತಲ್ಲ, ಕೆಆರ್‌ಎಸ್ ಗರಿಷ್ಠ 124.80 ಅಡಿ, ಕಬಿನಿ ಗರಿಷ್ಠ 2284 ಅಡಿ. ಕ್ಲಾಸಲ್ಲಿ ಹುಡುಗರು ಕೇಳೋರು, ಕಬಿನಿ ಕೆಆರ್‌ಎಸ್‌ಗಿಂತ ಅಷ್ಟೊಂದು ಆಳಾನಾ ಸಾರ್ ಅಂತ. ಅಲ್ಲ, ಕಬಿನೀದು ಸಮುದ್ರ ಮಟ್ಟದಿಂದ ಅಳೆದಿರೋದು, ಕೆಆರ್‌ಎಸ್‌ದು ಆ ಲೆಕ್ಕ ಅಲ್ಲ. ಅಂದ್ರೆ ನಿಮ್ಮ ಬೋಟ್ ಈಗ ಗೋವಾಕ್ಕಿಂತ ಎರಡೂಕಾಲು ಸಾವಿರ ಅಡಿ ಮೇಲೆ ತೇಲ್ತಾ ಇದೆ. ಗಾಳಿ ತೆಳು. ಕಾರ್ಬುರೇಟರ್ ಇಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು 3 ಪರ್ಸೆಂಟ್ ಶಕ್ತಿ ಕಳ್ಕೊಳುತ್ತೆ. ಇಲ್ಲಿಗೆ 7 ಪರ್ಸೆಂಟ್ ಹತ್ರ ಆಯ್ತು. 135 ಕುದುರೆ ಇಂಜಿನ್ ಆದ್ರೆ ಒಂಬತ್ತು ಕುದುರೆ ಘಟ್ಟ ಹತ್ತೋವಾಗಲೇ ಇಳಿದು ಹೋದ್ವು.

ಮಾರಿದೋರು ಸುಳ್ಳು ಹೇಳಿರಲಿಕ್ಕಿಲ್ಲ. ಸಮುದ್ರ ಮಟ್ಟ, ಇಬ್ಬರೇ ಕೂತಿದ್ರೆ 4500 ಬಂದೇ ಇರುತ್ತೆ.

ದೋಣಿ_ಅಕ್ಕ

ಮೇಷ್ಟ್ರೇ ನಿಮಗೆ ಒಂದು ದೊಡ್ಡ ನಮಸ್ಕಾರ. ವರ್ಕ್‌ಶಾಪಲ್ಲಿ ನಾವೆಲ್ಲಾ ಸಮುದ್ರದ ಪಕ್ಕನೇ ಇದ್ದಿದ್ರಿಂದ ಈ ಎತ್ತರದ ವಿಷ್ಯ ನನ್ನ ತಲೆಗೇ ಹೊಳೀಲಿಲ್ಲ. ಹಿಂಗೆ ಫುಲ್ ಥ್ರಾಟಲ್ ಕೊಟ್ಟೂ ಆರ್‌ಪಿಎಂ ಬರ್ದೇ ಓಡ್ಸೋದು ಅಂದ್ರೆ ಟಾಪ್ ಗೇರಲ್ಲಿ ಚಾಮುಂಡಿ ಬೆಟ್ಟ ಹತ್ಸಿದ ಹಾಗೆ, ಇಂಜಿನ್ ಒಳಗೇ ಬಡ್ಕೊಳುತ್ತೆ, ಬಿಸಿ ಏರುತ್ತೆ, ವಾಲ್ವು ಪಿಸ್ಟನ್ನು ಹಾಳು.

ಅಂದಾಜಿಗೆ ಒಂದಿಂಚು ಪಿಚ್ ಕಮ್ಮಿ ಮಾಡಿದ್ರೆ 150ರಿಂದ 200 ಆರ್‌ಪಿಎಂ ಮೇಲೇರುತ್ತೆ. 19 ಹಾಕಿದ್ರೆ 4200, 4300. ಇನ್ನೂ ಕಮ್ಮಿನೇ. 17 ಹಾಕಿದ್ರೆ 4500ರಿಂದ 4700. ಸರಿಯಾಗಿ ಕೂತ್ಕೊಳುತ್ತೆ. ಹಾಗಾಗಿ 21ನ ವೆಲ್ಡ್ ಮಾಡ್ಸಿ ಮತ್ತೆ ಅದನ್ನೇ ಹಾಕೋದು ಅಂದ್ರೆ ತಪ್ಪು ಸೈಜಿನ ಚಪ್ಪಲಿ ಹೊಲಿಸ್ಕೊಂಡು ಮತ್ತೆ ಮೆಟ್ಟಿದ ಹಾಗೆ.

ಆದ್ರೆ ದುಡ್ಡು ಖರ್ಚು ಮಾಡೋ ಮುಂಚೆ ಆರ್‌ಪಿಎಂ ಮೀಟರ್ ನಿಜ ಹೇಳ್ತಿದೆಯಾ ನೋಡಿ. ಹಳೇ ಟ್ಯಾಕೋಮೀಟರ್ ಹಿಂದ್ಗಡೆ 4, 6, 8 ಸಿಲಿಂಡರ್ ಅಂತ ಒಂದು ಸ್ವಿಚ್ ಇರುತ್ತೆ, ತುಕ್ಕು ಹಿಡ್ದು ಸರಿಯಾಗಿ ತಾಗ್ದೇ ತಪ್ಪು ತೋರ್ಸುತ್ತೆ. ನಾಕೈದು ಸಲ ಅತ್ಲಾಗಿ ಇತ್ಲಾಗಿ ತಿರುಗ್ಸಿ ವಾಪಸ್ 4ಕ್ಕೆ ಇಡಿ. ಲೈಟ್ ಬಿಟ್ಟು ನೋಡೋ ಟ್ಯಾಕೋ ಯಾವ ಕಾರ್ಖಾನೆ ಮೇಂಟೆನೆನ್ಸ್ ಹುಡ್ಗರ ಹತ್ರ ಆದ್ರೂ ಇರುತ್ತೆ, ಇಸ್ಕೊಂಡು ಹೋಲಿಸ್ನೋಡಿ. ಥ್ರಾಟಲ್ ಪೂರ್ತಿ ಒತ್ತಿದಾಗ ಕಾರ್ಬುರೇಟರ್ ಬಾಯಿ ಪೂರ್ತಿ ತೆಗ್ಯುತ್ತಾ ಅದೂ ನೋಡಿ, ಕೇಬಲ್ ಸಡಿಲ ಆಗಿ ಮುಕ್ಕಾಲೇ ತೆಗ್ದಿರೋದು ನಾನು ಎಷ್ಟೋ ನೋಡಿದೀನಿ. ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ಚೆಕ್ ಮಾಡ್ಸಿ. ಬೋಟ್ ತಳದಲ್ಲಿ ಪಾಚಿ ಇದ್ರೆ ಉಜ್ಜಿ.

ಸುಮ್ನೆ_ಓದೋನು

ಇಷ್ಟೆಲ್ಲಾ ಯಾಕೆ, ಈಗಿನ ಇ20 (ಎಥನಾಲ್ ಸೇರ್ಸಿರೋ) ಪೆಟ್ರೋಲಿಂದಾನೇ ಪವರ್ ಹೋಗಿರೋದು. ನನ್ ಸ್ಕೂಟರ್ರೂ ಎಳೀತಿಲ್ಲ.

ದೋಣಿ_ಅಕ್ಕ

ಎಥನಾಲಿಂದ ಶಕ್ತಿ ಸ್ವಲ್ಪ ಕಮ್ಮಿ ಆಗೋದು ನಿಜ, ಆದ್ರೆ ಇಷ್ಟೊಂದು ಆರ್‌ಪಿಎಂ ಅದ್ರಿಂದ ಹೋಗಲ್ಲ. ಬೋಟಲ್ಲಿ ಅದ್ರ ಕಾಟ ಬೇರೆ ಥರ. ಎಥನಾಲ್ ನೀರನ್ನ ಹೀರ್ಕೊಳುತ್ತೆ, ಬೋಟ್ ತಿಂಗಳುಗಟ್ಲೆ ಸುಮ್ನೆ ನಿಂತಿದ್ರೆ ಟ್ಯಾಂಕಲ್ಲಿ ನೀರೂ ಎಥನಾಲೂ ಸೇರಿ ತಳಕ್ಕೆ ಇಳ್ಯುತ್ತೆ, ಪೈಪ್ ಅಲ್ಲಿಂದಾನೇ ಎಳ್ಯೋದು. 1998ರ ರಬ್ಬರ್ ಪೈಪು ವಾಷರು ಅದಕ್ಕೆ ಮಾಡಿದ್ದಲ್ಲ, ಮೆತ್ತಗಾಗುತ್ತೆ. ನೀರು ಬೇರ್ಪಡ್ಸೋ ಫಿಲ್ಟರ್ ಹಾಕಿ, ಪೈಪ್ ಎಲ್ಲಾ ಹೊಸದು ಮಾಡಿ. ಇಂಜಿನ್ ಪೆಟ್ಟಿಗೆ ಒಳಗೆ ಪೆಟ್ರೋಲ್ ಸೋರಿದ್ರೆ ಅದು ಪವರ್ ಪ್ರಶ್ನೆ ಅಲ್ಲ, ಪ್ರಾಣದ ಪ್ರಶ್ನೆ.

ಮೇಟಗಳ್ಳಿ_ಟಿಗ್

ವೆಲ್ಡಿಂಗ್ ನಮ್ ಕೆಲಸ ಆದ್ರಿಂದ ನಾನೊಂದು ಮಾತು. ಅಲ್ಯುಮಿನಿಯಂ ಕಾಸ್ಟಿಂಗು ಟಿಗ್ ವೆಲ್ಡಿಂಗಲ್ಲಿ ಕಟ್ಬೋದು ಆದ್ರೆ ಪೇಂಟು, ಗ್ರೀಸು, ಪಾಚಿ ಒಂದು ಚೂರೂ ಇರ್ಬಾರ್ದು, ಇದ್ರೆ ಒಳ್ಗೆಲ್ಲಾ ಗಾಳಿ ತೂತು ಬಿದ್ದು ನೋಡಕ್ಕೆ ಚೆನ್ನಾಗಿದ್ರೂ ಒಂದೇ ಏಟಿಗೆ ಬಿಸ್ಕತ್ ಥರ ಮುರ್ಯುತ್ತೆ. ನೀರಲ್ಲಿದ್ದಿದ್ದು ಬೇರೆ, ಮೊದ್ಲು ಬಿಸಿ ಮಾಡಿ ಒಣಗ್ಸಿ, ಸ್ಟೇನ್‌ಲೆಸ್ ಬ್ರಷ್ಷಲ್ಲಿ ಉಜ್ಜಿ, ಅದಕ್ಕೆ ಹೊಂದೋ ರಾಡಲ್ಲಿ ಪದರ ಪದರವಾಗಿ ಕಟ್ತೀವಿ. ಮಡಚಿರೋ ಬ್ಲೇಡನ್ನ ತಣ್ಣಗಿರುವಾಗ ಸುತ್ತಿಗೇಲಿ ಹೊಡೀಬೇಡಿ ಯಾರೂ, ಬಿಸಿ ಕೊಟ್ಟೇ ಬಗ್ಸ್ಬೇಕು, ಹಂಗಂತ ಜಾಸ್ತಿ ಬಿಸಿನೂ ಕೊಡಂಗಿಲ್ಲ, ಅಲ್ಯುಮಿನಿಯಂ ಕೆಂಪಗಾಗಲ್ಲ, ಮುನ್ಸೂಚನೆ ಇಲ್ದೇ ತೊಪ್ ಅಂತ ಕರಗಿ ಕೆಳಗೆ ಬೀಳುತ್ತೆ.

ಕಟ್ಟೋದು ದೊಡ್ಡ ವಿಷ್ಯ ಅಲ್ಲ ಸಾರ್. ಮೂರೂ ಬ್ಲೇಡ್ ಒಂದೇ ಥರ ಬರ್ಬೇಕಲ್ಲ ಅದು ನನ್ ಕೈಯಲ್ಲಿ ಇಲ್ಲ, ಅದಕ್ಕೆ ಅಳತೆ ಮಾಡೋರು ಬೇಕು.

ಮಂಡ್ಯ_ಲೇತ್

ಅಳ್ತೆ ನಾನು ಹೇಳ್ತೀನಿ, ಇದ್ಕೆ ದೊಡ್ ಮಿಷಿನ್ ಏನೂ ಬ್ಯಾಡ. ಪ್ರೊಪೆಲರ್ ಹಬ್ಬಿಗೆ ಟೈಟಾಗಿ ಕೂರೋ ಒಂದು ರಾಡ್ ತಿರುಗ್ಸ್ಕೊಂಡು, ಸಮತಟ್ಟು ಪ್ಲೇಟಿನ ಮೇಲೆ ನೆಟ್ಟಗೆ ನಿಲ್ಸು. ನಡುಮಧ್ಯದಿಂದ ಬ್ಲೇಡ್ ತುದೀಗೆ ಎಷ್ಟು ದೂರ ಐತೋ ಅದ್ರ ಹತ್ರಲ್ಲಿ ಏಳು ಪಾಲು ದೂರಕ್ಕೆ ಎಲ್ಲಾ ಬ್ಲೇಡಿಗೂ ಒಂದು ಗೆರೆ ಎಳಿ. ಆ ಗೆರೆ ಮೇಲೆ ಒಂದು ಜಾಗದಲ್ಲಿ ಪ್ಲೇಟಿಂದ ಎತ್ರ ನೋಡು, 30 ಡಿಗ್ರಿ ತಿರುಗ್ಸಿ ಮತ್ತೆ ನೋಡು. ಎರಡ್ರ ವ್ಯತ್ಯಾಸನ ಹನ್ನೆರಡ್ರಿಂದ ಗುಣ್ಸು, ಯಾಕಂದ್ರೆ 30 ಡಿಗ್ರಿ ಅಂದ್ರೆ ಸುತ್ತಿನ ಹನ್ನೆರಡ್ನೇ ಒಂದು ಪಾಲು. ಅದೇ ಪಿಚ್ಚು. 21 ಇಂಚಿಂದಕ್ಕೆ ನಲವತ್ನಾಕೂವರೆ ಮಿಲಿಮೀಟರ್ ಹತ್ರ ಬರ್ಬೇಕು, 17ರದ್ದಕ್ಕೆ 36.

ಹಿನ್ನೀರು ಅಣ್ಣ ಪ್ರೊಪೆಲರ್ನ ಬಿಚ್ಚಿ ನಿನ್ನೆ ಬಸ್ಸಲ್ಲಿ ಕಳ್ಸಿದ್ನಲ್ಲ, ಬುಡದಲ್ಲಿ ಬಿರುಕು ಇಲ್ಲ, ಬದುಕ್ಕೊಂಡೆ. ಅಳ್ದೆ. ಚೆನ್ನಾಗಿರೋ ಬ್ಲೇಡು 45, ತುದಿ ಹೋಗಿರೋದು 44, ಮಡಚಿರೋದು 38. ಅಂದ್ರೆ ಎರಡು ಬ್ಲೇಡು 21 ಅಂತ ಎಳೀತವೆ, ಒಂದು ಹದಿನೆಂಟೇ ಎಳೀತದೆ. ಜೋಡಿ ಎತ್ತಿಗೆ ಕತ್ತೆ ಕಟ್ಟಿದಂಗೆ. ನಡುಗ್ದೇ ಇನ್ನೇನ್ಮಾಡ್ತದೆ.

ಚೆನ್ನಾಗಿರೋ ಬ್ಲೇಡಿನ ಮುಖಕ್ಕೆ ಎಣ್ಣೆ ಸವ್ರಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು ಅಚ್ಚು ತಗದೀನಿ, ಗಣಪತಿ ಅಚ್ಚು ತಗದಂಗೆ. ಮಿಕ್ಕ ಎರಡನ್ನೂ ಆ ಅಚ್ಚಿನ ಮೇಲೆ ಕೂರೋ ತನ್ಕ ಬಿಸಿ ಕೊಟ್ಟು ಒತ್ತೋದು. ಕಟ್ಟೋ ಕೆಲ್ಸಕ್ಕೆ ಮೇಟಗಳ್ಳಿ ಅಣ್ಣಂಗೆ ಕಳುಸ್ತೀನಿ.

ಹಿನ್ನೀರು_98

ಅಣ್ಣ ಅದನ್ನೇ ಬಗ್ಸಿ 17 ಮಾಡಕ್ಕಾಗಲ್ವಾ? ಹೊಸದು ತಗೊಳ್ಳೋದು ತಪ್ಪುತ್ತಲ್ಲ, ಓನರ್ ಕೇಳ್ತಿದ್ದಾರೆ.

ಮಂಡ್ಯ_ಲೇತ್

ಒಂದಿಂಚು ಇಳಿಸ್ಕೊಡು ಅಂದ್ರೆ ಮಾಡ್ಬೋದು. ನಾಕಿಂಚು ಬಗ್ಸಿದ್ರೆ ಬುಡ ಬಾಯ್ಬುಡ್ತದೆ, ಬ್ಲೇಡಿನ ಆಕಾರನೇ ಕೆಡ್ತದೆ. ಓನರಿಗೆ ಹೇಳು, ಇದನ್ನ ಇಪ್ಪತ್ತಕ್ಕೆ ಇಳುಸಿ ಬ್ಯಾಲೆನ್ಸ್ ಮಾಡಿ ಕೊಡ್ತೀನಿ, ಸ್ಟೆಪ್ನಿ ಥರ ಬೋಟಲ್ಲೇ ಇರ್ಲಿ. ಹಿನ್ನೀರು ಮಧ್ಯದಲ್ಲಿ ಇನ್ನೊಂದು ಬುಡ ಸಿಕ್ಕಿದ್ರೆ ಮೆಲ್ಲಗೆ ದಡಕ್ಕೆ ಬರಕ್ಕೆ ಸಾಕು. ಹಬ್ಬಿನ ರಬ್ಬರ್ ಇದ್ರಲ್ಲಿ ಒತ್ತಿ ಕೂರ್ಸಿರೋದು, ಹೊಸ ಹಬ್ ತರುಸ್ಕೊಡು, ಹೈಡ್ರಾಲಿಕ್ ಪ್ರೆಸ್ಸಲ್ಲಿ ಹಳೇದು ತಳ್ಳಿ ಕೂರುಸ್ತೀನಿ.

ಮಲ್ಪೆ_ಅಲೆ

ಹಾಗಾದರೆ 17ರ ಅಲ್ಯುಮಿನಿಯಂ ನನ್ನ ಹತ್ರ ಒಂದು ಉಂಟು, ಹಳೇದು, ಆದರೆ ಬ್ಲೇಡ್ ಒಳ್ಳೇದುಂಟು. ನಮ್ಮ ವಿ6 ಔಟ್‌ಬೋರ್ಡಿಗೆ (ಬೋಟಿನ ಹಿಂದೆ ಹೊರಗೆ ಕಟ್ಟುವ ಇಂಜಿನ್) ತಂದದ್ದು, ಆ ಇಂಜಿನ್ ಮಾರಿ ಆಯ್ತು. ಸ್ಟೇನ್‌ಲೆಸ್ ಬೇಡ ಅಂತ ನೀವೆಲ್ಲ ಸೇರಿ ನನ್ನ ಬಾಯಿ ಮುಚ್ಚಿಸಿದಿರಿ, ಇದನ್ನಾದರೂ ತಗೊಳ್ಳಿ ಮಾರಾಯ್ರೆ. ಹಾಕಿ ನೋಡಿ, ಸರಿ ಆದರೆ ದುಡ್ಡು ಕೊಡಿ, ಇಲ್ಲದಿದ್ರೆ ವಾಪಸ್ ಕಳ್ಸಿ. ಔಟ್‌ಬೋರ್ಡಿನದ್ದು ಇದಕ್ಕೆ ಕೂರ್ತದಾ ಮಾತ್ರ ಅಕ್ಕ ಹೇಳಬೇಕು.

ದೋಣಿ_ಅಕ್ಕ

ಮರ್ಕ್ಯುರಿ ವಿ6, ನಾಕೂಮುಕ್ಕಾಲು ಇಂಚಿನ ಗೇರ್‌ಕೇಸ್ (ನೀರೊಳಗೆ ಇರೋ ಗೇರ್ ಪೆಟ್ಟಿಗೆ) ಇರೋದಾದ್ರೆ ಆಲ್ಫಾ ಒನ್‌ಗೆ ಸರಿಯಾಗಿ ಕೂರುತ್ತೆ, 15 ಹಲ್ಲಿನ ಶಾಫ್ಟು. ಆದ್ರೆ 15 ಹಲ್ಲು ಇದೆ ಅಂತ ಮಾತ್ರಕ್ಕೆ ಯಾರೂ ತಗೋಬೇಡಿ, ನಾಕೂಕಾಲು ಇಂಚಿನ ಸಣ್ಣ ಗೇರ್‌ಕೇಸಿನ ಇಂಜಿನ್‌ಗಳಲ್ಲೂ 15 ಹಲ್ಲು ಇರುತ್ತೆ, ಆ ಪ್ರೊಪೆಲರ್ ಬಾಡಿ ಸಣ್ಣದು, ಇದಕ್ಕೆ ಆಗಲ್ಲ. ಬಲಕ್ಕೆ ತಿರುಗೋದಾ ಅಂತಾನೂ ನೋಡಿ, ಜೋಡಿ ಇಂಜಿನ್ ಬೋಟಿಂದಾದ್ರೆ ಒಂದು ಎಡಕ್ಕೆ ತಿರುಗೋದಿರುತ್ತೆ. ಮತ್ತೆ ಅದ್ರ ಹಬ್ ಯಾವ್ದು? ಒಳಗೆ ಪ್ಲಾಸ್ಟಿಕ್ ಥರದ ತೋಳು (ಸ್ಲೀವ್, ಕೊಳವೆ ಥರದ್ದು) ಕಾಣುತ್ತಾ?

ಮಲ್ಪೆ_ಅಲೆ

ಹೌದು, ಬಿಳಿ ತೋಳು, ಕೈಯಲ್ಲೇ ಎಳೆದರೆ ಬರ್ತದೆ. ಬಲಕ್ಕೆ ತಿರುಗುವುದೇ. ನಾಕೂಮುಕ್ಕಾಲೇ.

ದೋಣಿ_ಅಕ್ಕ

ಹಾಗಾದ್ರೆ ಇನ್ನೂ ಒಳ್ಳೇದು. ಮುಂದೆ ಏನಾದ್ರೂ ತಾಗಿ ಆ ತೋಳು ಹೋದ್ರೆ ಪ್ರೆಸ್ ಬೇಡ, ದಡದಲ್ಲೇ ಕೂತು ಬದಲಾಯ್ಸ್ಬೋದು. ಒಂದು ಹೊಸ ತೋಳು ಸ್ಪೇರ್ ಇಟ್ಕೊಳ್ಳಿ.

ಹಿನ್ನೀರು ತಮ್ಮ, ಹಾಕೋ ಮುಂಚೆ ಶಾಫ್ಟ್ ನೋಡೋದು ಮರೀಬೇಡಪ್ಪ. ಪ್ರೊಪೆಲರ್ ಹೇಗೂ ತೆಗ್ದಾಗಿದೆ, ಡಯಲ್ ಗೇಜ್ ಇದ್ರೆ ಅದು, ಇಲ್ಲಾ ಡ್ರೈವಿಗೆ ಒಂದು ತಂತಿ ಕಟ್ಟಿ ತುದಿ ಶಾಫ್ಟಿಗೆ ತಾಗೋ ಹಾಗೆ ಇಟ್ಟು ಕೈಯಲ್ಲಿ ತಿರುಗ್ಸು. ಕಣ್ಣಿಗೆ ಕಾಣೋ ಹಾಗೆ ಓಲಾಡಿದ್ರೆ ಶಾಫ್ಟ್ ಬಗ್ಗಿದೆ, ಆಗ ಯಾವ ಪ್ರೊಪೆಲರ್ ಹಾಕಿದ್ರೂ ನೀರು ಒಳಗೆ ಬರ್ದಂಗೆ ತಡೆಯೋ ಸೀಲು ಉಳಿಯಲ್ಲ. ಗೇರ್ ಆಯಿಲ್ ಸ್ವಲ್ಪ ಇಳ್ಸು, ಹಾಲಿನ ಬಣ್ಣ ಇದ್ರೆ ನೀರು ಹೊಕ್ಕಿದೆ. ಕೆಳಗಿನ ಪ್ಲಗ್ಗಿನ ಮ್ಯಾಗ್ನೆಟ್ಟಲ್ಲಿ ಬೂದಿ ಥರ ಪೇಸ್ಟ್ ಇದ್ರೆ ಪರ್ವಾಗಿಲ್ಲ, ಚೂರು ಚೂರು ಕಬ್ಬಿಣ ಇದ್ರೆ ಗೇರ್ ಹಲ್ಲು ಹೋಗಿದೆ.

ಹಿನ್ನೀರು_98

ಇವತ್ತು ಅಕ್ಕ ಹೇಳ್ದಂಗೆ ನೋಡ್ದೆ. ಶಾಫ್ಟ್ ನೆಟ್ಟಗಿದೆ, ದೇವ್ರು ದೊಡ್ಡೋನು. ಆದ್ರೆ ಅದಕ್ಕಿಂತ ಆಶ್ಚರ್ಯ, ಪ್ರೊಪೆಲರ್ ಮುಂದಿರೋ ದಪ್ಪ ವಾಷರ್ ಹಿಂದೆ ನೈಲಾನ್ ಬಲೆ ದಾರ ಸುತ್ಕೊಂಡು ಸುತ್ಕೊಂಡು ಕರಗಿ ಬಳೆ ಥರ ಆಗಿತ್ತು, ಚಾಕೂಲಿ ಕೊಯ್ದು ತೆಗ್ದೆ. ಆಯಿಲ್ ಕಾಫಿ ಬಣ್ಣ, ಜಾಸ್ತಿ ಹಾಲು ಹಾಕಿದ್ದು. ಮ್ಯಾಗ್ನೆಟ್ಟಲ್ಲಿ ಪೇಸ್ಟ್ ಮಾತ್ರ.

ದೋಣಿ_ಅಕ್ಕ

ಸೀಲ್ ಆ ದಾರನೇ ಕತ್ತರ್ಸಿದೆ. ಎರಡೂ ಸೀಲ್ ಹೊಸದು ಹಾಕ್ಸಿ, ಗಾಳಿ ಒತ್ತಡ ಕೊಟ್ಟು ಸೋರಲ್ಲ ಅಂತ ಖಾತ್ರಿ ಮಾಡ್ಕೊಂಡ್ಮೇಲೆ ಹೊಸ ಆಯಿಲ್. ಕೆಳಗಿನ ತೂತಿಂದ ಮೇಲಕ್ಕೆ ತುಂಬ್ಸಿ, ಮೇಲಿಂದ ಸುರೀಬೇಡಿ, ಗಾಳಿ ಉಳ್ಕೊಳುತ್ತೆ. ಈ ಮರ ಹೊಡೀದೇ ಇದ್ದಿದ್ರೆ ನೀವು ಬಿಚ್ತಾನೇ ಇರ್ಲಿಲ್ಲ, ಇನ್ನೆರಡು ತಿಂಗಳಿಗೆ ಗೇರೇ ಹೋಗ್ತಿತ್ತು.

ಇನ್ನೊಂದು ವಿಷ್ಯ, ಬೋಟ್ ಗೋವಾದ್ದು ಅಂದ್ರಲ್ಲ, ಡ್ರೈವಿಗೆ ಹಾಕಿರೋ ಆನೋಡ್ (ಡ್ರೈವ್ ಬದಲು ತಾನೇ ಸವೆಯೋ ಲೋಹದ ತುಂಡು) ಜಿಂಕ್ ಇರ್ಬೋದು. ಅದು ಉಪ್ಪು ನೀರಿಗೆ. ಸಿಹಿ ನೀರಲ್ಲಿ ಜಿಂಕಿನ ಮೇಲೆ ಬಿಳಿ ಪದರ ಕಟ್ಟಿ ಕೆಲಸ ನಿಲ್ಲಿಸಿಬಿಡುತ್ತೆ, ಆಮೇಲೆ ಡ್ರೈವಿನ ಅಲ್ಯುಮಿನಿಯಮ್ಮೇ ಸವೆಯೋಕೆ ಶುರು. ಹಿನ್ನೀರಿಗೆ ಮೆಗ್ನೀಸಿಯಂ ಹಾಕಿ.

ಮಂಡ್ಯ_ಲೇತ್

ಪ್ರೊಪೆಲರ್ ರೆಡಿ. ಮೇಟಗಳ್ಳಿ ಅಣ್ಣ ಚೆಂದ ಕಟ್ಟವ್ನೆ. ಎರಡು ಚಾಕು ಅಲುಗಿನಂಥ ಪಟ್ಟಿ ಮಟ್ಟಕ್ಕೆ ಕೂರ್ಸಿ ರಾಡ್ ಸಮೇತ ಮೇಲಿಟ್ಟೆ, ಭಾರ ಇರೋ ಬ್ಲೇಡು ತಾನಾಗೇ ಕೆಳುಕ್ ಬರ್ತದಲ್ಲ, ಆ ಬ್ಲೇಡಿನ ಬೆನ್ನ ಕಡೆಯಿಂದ ಒಸಿ ಒಸಿ ಉಜ್ಜಿ, ಹೆಂಗಿಟ್ರೂ ಹಂಗೇ ನಿಲ್ಲೋ ತನ್ಕ ಮಾಡಿದೀನಿ. ಬೆನ್ನು ಅಂದ್ರೆ ಬೋಟ್ ಕಡೆ ಮುಖ. ನೀರು ತಳ್ಳೋ ಮುಖ ಮುಟ್ಬಾರ್ದು, ಮುಟ್ಟಿದ್ರೆ ಪಿಚ್ ಹೋಯ್ತದೆ. ಮೂರೂ ಬ್ಲೇಡು ಈಗ 42, 42, 43.

ಹಿನ್ನೀರು_98

ಮಲ್ಪೆ ಅಣ್ಣಂದು ಉಡುಪಿಯಿಂದ ಕೆಎಸ್ಆರ್‌ಟಿಸಿ ಪಾರ್ಸಲಲ್ಲಿ ಮೈಸೂರು ಸ್ಟ್ಯಾಂಡಿಗೆ ಬಂತು, ಹಳೇ ಪಂಚೇಲಿ ಸುತ್ತಿ ಕಳ್ಸಿದ್ರು, ಒಳಗೆ ಒಂದು ಪ್ಯಾಕೆಟ್ ಒಣ ಸಿಗಡಿನೂ ಇತ್ತು 🙏

ಹಾಕೋ ವಿಷ್ಯ ಅಕ್ಕ ಫೋನಲ್ಲಿ ಹೇಳ್ಕೊಟ್ಟಂಗೇ ಮಾಡ್ದೆ, ಬೇರೆಯೋರಿಗೂ ಉಪಯೋಗ ಆಗ್ಲಿ ಅಂತ ಬರೀತೀನಿ. ಶಾಫ್ಟಿನ ಹಲ್ಲಿಗೆಲ್ಲಾ ಮೆರೀನ್ ಗ್ರೀಸು, ಇಲ್ದಿದ್ರೆ ಮುಂದಿನ್ಸಲ ಬಿಚ್ಚಕ್ಕೇ ಬರಲ್ಲ. ಮೊದ್ಲು ದಪ್ಪ ವಾಷರ್, ಇಳಿಜಾರು ಮುಖ ಇಂಜಿನ್ ಕಡೆಗೆ, ಅದನ್ನ ಮರ್ತು ಹಾಕಿದ್ರೆ ಪ್ರೊಪೆಲರ್ ಗೇರ್‌ಕೇಸಿಗೇ ಉಜ್ಜುತ್ತಂತೆ. ಆಮೇಲೆ ಪ್ರೊಪೆಲರ್, ಕಿವಿ ಇರೋ ವಾಷರ್, ನಟ್. ಬ್ಲೇಡಿಗೂ ಮೇಲಿನ ಪ್ಲೇಟಿಗೂ ಮಧ್ಯ ಮರದ ತುಂಡು ಸಿಕ್ಸಿ, ಬುಲೆಟ್ ಮೆಕ್ಯಾನಿಕ್ ಹತ್ರ ಟಾರ್ಕ್ ರೆಂಚ್ ಇಸ್ಕೊಂಡು 55 ಅಡಿ-ಪೌಂಡ್, ಅಂದ್ರೆ 75 ನ್ಯೂಟನ್ ಮೀಟರ್. ಕಿವಿ ಮಡ್ಚೋ ಜಾಗಕ್ಕೆ ಸರಿಯಾಗಿ ಬರ್ದಿದ್ರೆ ಇನ್ನೂ ಸ್ವಲ್ಪ ಬಿಗಿ ಮಾಡ್ಬೇಕೇ ಹೊರ್ತು ಸಡಿಲ ಮಾಡಂಗಿಲ್ಲ.

ಇವತ್ತು ಬೆಳಗ್ಗೆ ನೀರಿಗೆ ಬಿಟ್ವಿ. ಅದೇ ನಾಕು ಜನ. ಟ್ಯಾಕೋ ಸ್ವಿಚ್ ತಿರುಗ್ಸಿ ಸರಿ ಮಾಡಿದ್ದೆ, ಹೋಲಿಸ್ದಾಗ ಹೆಚ್ಚು ಕಮ್ಮಿ ನಿಜಾನೇ ಹೇಳ್ತಿತ್ತು. ಫುಲ್ ಥ್ರಾಟಲ್ 4550!! ಸ್ಪೀಡ್ 54. ಸಮ ಆಗೋದಕ್ಕೆ ಆರು ಸೆಕೆಂಡ್. ನಡುಕ ಇಲ್ವೇ ಇಲ್ಲ. ಓನರ್ ಒಂದು ಕಿಲೋಮೀಟರ್ ಕಮ್ಮಿ ಆಯ್ತಲ್ಲೋ ಅಂದ್ರು, ನಾನು ಸುಮ್ನಿದ್ದೆ.

ಫಿಸಿಕ್ಸ್_ಮೇಷ್ಟ್ರು

4550 × 17 × 0.001524 ÷ 1.94 = 60.8. ಬಂದಿದ್ದು 54. ಸ್ಲಿಪ್ 11 ಪರ್ಸೆಂಟ್. ಓನರಿಗೆ ಹೇಳಿ, ಕಳೆದುಹೋದ ಒಂದು ಕಿಲೋಮೀಟರ್ ಇಂಜಿನ್ನಿನ ಆಯಸ್ಸಿಗೆ ಜಮಾ ಆಗಿದೆ ಅಂತ. ಇಂಜಿನ್ ಈಗ ಅದರ ಜಾಗದಲ್ಲಿ ಉಸಿರಾಡ್ತಿದೆ. ಗೋವಾದವರಿಗೆ ಬೈಯೋದನ್ನೂ ನಿಲ್ಲಿಸೋಕೆ ಹೇಳಿ.

ಮಲ್ಪೆ_ಅಲೆ

ಭಾರೀ ಸಂತೋಷ ಆಯ್ತು ಮಾರಾಯ್ರೆ. ಮುಂದೆ ಎಂಟು ಜನ ಹಾಕಿಕೊಂಡು ಓಡಿಸುವುದಾದರೆ ನಾಲ್ಕು ಬ್ಲೇಡಿನದ್ದು ನೋಡಿ, ಬೇಗ ಮೇಲೆ ಏಳ್ತದೆ. ಪಿಚ್ ಒಂದು ಇಂಚು ಇಳಿಸಬೇಕಾಗ್ತದೆ.

ದೋಣಿ_ಅಕ್ಕ

18 ಅಡಿ ಬೋಟಲ್ಲಿ ಎಂಟು ಜನ ಬೇಡ ಸಾರ್ 😅 ಬೋಟಿನ ಮೇಲಿನ ಪ್ಲೇಟಲ್ಲಿ ಎಷ್ಟು ಜನ ಅಂತ ಬರ್ದಿದೆ ಅಷ್ಟೇ. ತಮ್ಮ, ನಾಕೈದು ಗಂಟೆ ಓಡ್ಸಿದ್ಮೇಲೆ ನಟ್ ಇನ್ನೊಂದ್ಸಲ ನೋಡು, ಹೊಸ ಗೆರೆನೂ ಎಳ್ದಿಡು.

ಹಿನ್ನೀರು_98

ಗೆರೆ ಆಗ್ಲೇ ಎಳ್ದೆ ಅಕ್ಕ. ಮಂಡ್ಯ ಅಣ್ಣಂದು ಸೀಟ್ ಕೆಳಗೆ ಸ್ಪೇರ್ ಇದೆ, ಜೊತೆಗೆ ಸ್ಪ್ಯಾನರ್ರು ಮರದ ತುಂಡು ಒಂದು ನಟ್ಟು. ಆ ದರಿದ್ರ ಮರದ ಬುಡಾನೂ ಹುಡುಕ್ದೆ, ತೆಪ್ಪದಲ್ಲಿ ಹೋಗಿ ಅದಕ್ಕೆ ಹಗ್ಗ ಕಟ್ಟಿ ಕೆಂಪು ಕ್ಯಾನ್ ತೇಲ್ಬಿಟ್ಟಿದೀನಿ, ದೂರದಿಂದ್ಲೇ ಕಾಣುತ್ತೆ.

ಮಂಡ್ಯ_ಲೇತ್

ಹಗ್ಗ ಎಷ್ಟುದ್ದ ಬುಟ್ಟಿದೀಯ?

ಹಿನ್ನೀರು_98

ಮೂರಡಿ.

ಮಂಡ್ಯ_ಲೇತ್

ಅಲ್ಲ ಕಣಣ್ಣ, ಕಬಿನಿ ಹುಟ್ಟೋ ವಯನಾಡಲ್ಲಿ ಮಳೆ ಹಿಡಿದ್ರೆ ಹಿನ್ನೀರು ಎಷ್ಟಡಿ ಏರ್ತದೆ ನಿಂಗೊತ್ತಿಲ್ವಾ? ಕ್ಯಾನೂ ಮುಳುಗ್ತದೆ.

ಹಿನ್ನೀರು_98

ಅಯ್ಯೋ ಹೌದಲ್ಲ. ನಾಳೆ ಬೆಳಗ್ಗೇನೇ ಹೋಗ್ತೀನಿ.